ಬಾನಿ ಮಗುಚಿದ ಸೋಮವಾರ

ಬಿಳೇಮಟ್ಟಿಯ ಪೂಜ್ಯ ಶ್ರೀ ಮುರುಗಯ್ಯಜ್ಜನವರು ಗದ್ದುಗೆಯ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ. ಮಠವೆಂದರೆ ಎರಡಂಕಣದ ಮಣ್ಣಿನ ಮನೆ, ಒಂದು ಬಾವಿ, ಪಕ್ಕದಲ್ಲಿ ದನಗಳು ನೀರು ಕುಡಿಯುವ ಕಲ್ಲಿನ ಬಾನಿ. ಪೂಜೆ ಮುಗಿಸಿದ ಪೂಜ್ಯರು ಹೆಚ್ಚಾಗಿ ಬಾವಿಕಟ್ಟೆಯ ಮೇಲೆಯೇ ಇರುತ್ತಿದ್ದರು.

ಆ ವರ್ಷ ಊರಿಗೆ ಕಾಲುಬಾಯಿ ಬೇನೆ ಬಂತು. ದನಗಳ ಬಾಯಲ್ಲಿ ಹುಣ್ಣು, ಗೊರಸಿನಲ್ಲಿ ಹುಣ್ಣು, ಒಂದೇ ಸಮನೆ ಜೊಲ್ಲು. ಇಂಥ ಹೊತ್ತಿಗೆ ನಮ್ಮಲ್ಲೊಂದು ರೂಢಿಯಿತ್ತು. ಸೋಮವಾರ ಅಜ್ಜನವರ ಪಾದ ತೊಳೆದ ನೀರನ್ನು ಬಾನಿಗೆ ಸುರಿದು ಊರ ದನಗಳಿಗೆಲ್ಲ ಕುಡಿಸುವುದು. ಬೇನೆ ಬಂದವೂ ಕುಡಿಯಬೇಕು, ಬಾರದವೂ ಕುಡಿಯಬೇಕು.

ಐದನೆಯ ಸೋಮವಾರ, ಹಾಲು ಮಾರಿ ಬದುಕುವ ನಿಂಬೆವ್ವ ತುಂಬುಗಬ್ಬದ ಕಡಸೊಂದನ್ನು ಎಳೆದುಕೊಂಡು ಬಂದಳು. ನಡೆಸಬಾರದೆಂದು ಅದನ್ನು ಅಷ್ಟು ದಿನ ಹೊಲದ ಗುಡಿಸಲಲ್ಲೇ ಕಟ್ಟಿದ್ದಳು. ಅದೊಂದೇ ಉಳಿದಿದ್ದ ಗಟ್ಟಿ ಎಮ್ಮೆ.

“ಯಪ್ಪಾ, ಒಂದು ವಾರಾನೂ ತಪ್ಪಿಸಿಲ್ಲರಿ. ಆದ್ರೂ ಎರಡೂ ಎಮ್ಮಿ ಮಲಗ್ಯಾವು. ಮಠದ ಕಡೆ ಮುಖಾನೂ ಹಾಕದ ಕೊಟ್ರಪ್ಪನ ದನಾ ಮಾತ್ರ ಗಟ್ಟಿಮುಟ್ಟ ಅದಾವು. ಇದನ್ನ ಕರಕೊಂಡು ಬರಲಿಲ್ಲಂತ ಸಿಟ್ಟಾತೇನ್ರಿ ದೇವರಿಗೆ?”

“ಕೊಟ್ರಪ್ಪನ ದನಾ ನೀರು ಎಲ್ಲಿ ಕುಡಿತಾವ?” ಎಂದು ಪೂಜ್ಯರು ಕೇಳಿದರು.

“ಅವನ ಹಟ್ಟಿಯೊಳಗ, ಬಕೆಟ್‌ನ್ಯಾಗರಿ. ಮೈಗಳ್ಳ ಅಂವಾ, ದನಾ ಹೊರಗ ಹೊಡಿಯೂದೇ ಇಲ್ಲ.”

ಪೂಜ್ಯರು ಬಾನಿಯನ್ನೇ ನೋಡುತ್ತ ನಿಂತರು. ಮೇಲೆ ಜೊಲ್ಲಿನ ನೊರೆ ತೇಲುತ್ತಿತ್ತು. ಕಡಸು ಮೂತಿ ಚಾಚುವಷ್ಟರಲ್ಲಿ ಅದರ ಹಗ್ಗ ಹಿಡಿದು ಹಿಂದಕ್ಕೆ ಎಳೆದರು. ಆಮೇಲೆ ಹಾರೆ ತರಿಸಿ, ತಾವೇ ಮೀಟಿ, ಬಾನಿಯನ್ನು ಮಗುಚಿಬಿಟ್ಟರು! ತೀರ್ಥವೆಲ್ಲ ಕೆಸರಾಯಿತು. ಅಲ್ಲೇ ಹೂ ಕಟ್ಟುತ್ತಿದ್ದ ನನಗೆ ಏನೊಂದೂ ತಿಳಿಯಲಿಲ್ಲ. ಕೆಲವರು ಗಲ್ಲ ಬಡಿದುಕೊಂಡರು, ಕೆಲವರು ಅಜ್ಜನವರಿಗೆ ತಲೆ ಕೆಟ್ಟಿತೇ ಎಂದು ಪಿಸುಗುಟ್ಟಿದರು. ನಾನೂ ಹಾಗೇ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

“ನಿನ್ನ ಭಕ್ತಿಗೆ ಕುಂದಿಲ್ಲ ತಾಯಿ. ಬ್ಯಾನಿ ಬಂದ ದನಾ ಬಾಯಿಟ್ಟ ನೀರನ್ನ ನಾವೇ ಎಲ್ಲಾಕ್ಕೂ ಕುಡಿಸೀವಿ. ತಪ್ಪು ನಂದು. ಇದನ್ನ ಹೊಲಕ್ಕ ಹೊಡಕೊಂಡು ಹೋಗು. ಬ್ಯಾನಿ ನಮ್ಮ ಕಾಲಿಗೂ ಅಂಟಿ ಬರ್ತದ, ಇದರ ಹತ್ರ ಹೋಗೂ ಮುಂದ ಬಟ್ಟಿ ಒಗಿಯೂ ಸೋಡಾ ಕಲಸಿದ ನೀರಾಗ ನಿನ್ನ ಕಾಲು ತೊಳಕೋ. ನನ್ನ ಕಾಲಿನ ನೀರು ಬ್ಯಾಡ.”

ದನದ ಡಾಕ್ಟರು ಹಿಂದೆಯೇ ಇದನ್ನು ಹೇಳಿ ಹೋಗಿದ್ದರು. ಕೇಳುವ ಕಿವಿ ನಮಗಿರಲಿಲ್ಲ. ಗುರುವೇ ಕೈಬಿಟ್ಟರೆಂದು ನಿಂಬೆವ್ವ ದಾರಿಯುದ್ದಕ್ಕೂ ಅತ್ತಳಂತೆ. ಅರ್ಥವಾಗದಿದ್ದರೂ ಗುರುವಾಕ್ಯವೆಂದು ಹೇಳಿದಷ್ಟನ್ನು ಮಾಡಿದಳು. ಮಲಗಿದ ಎಮ್ಮೆಗಳ ಆರೈಕೆಗೆ ತಂಗಿಯನ್ನು ಕರೆಸಿ, ತಾನು ಹೊಲದಲ್ಲೇ ಉಳಿದಳು.

ತಿಂಗಳು ಕಳೆಯುವುದರೊಳಗೆ ಕಡಸು ಹೆಣ್ಣುಕರು ಹಾಕಿತು. ಸುದ್ದಿ ಕೇಳಿ ಪೂಜ್ಯರು ನೋಡಲು ಹೊರಟರು, ನಾನೂ ಜೊತೆಗಿದ್ದೆ. ನಿಂಬೆವ್ವ ದೂರದಿಂದಲೇ ಅಡ್ಡಬಿದ್ದಳು. ಆದರೆ ಪೂಜ್ಯರು ಗುಡಿಸಲಿನ ಬಾಗಿಲಿಗೆ ಬಂದೊಡನೆ ಎದ್ದು ಅಡ್ಡ ನಿಂತಳು.

“ಅಜ್ಜಾರ, ಕಾಲು ತೊಳಕೊಂಡು ಒಳಗ ಬರ್ರಿ.”

ಪೂಜ್ಯರು ಆಕೆಗೆ ಕೈಮುಗಿದರು. ಬಾಗಿಲಲ್ಲಿದ್ದ ಸೋಡಾ ನೀರಿನ ಕಬ್ಬಿಣದ ಬುಟ್ಟಿಯಲ್ಲಿ ಒಂದೊಂದೇ ಪಾದವಿಟ್ಟು ತೊಳೆದುಕೊಂಡರು. ಹಿಂದೆ ಆ ಪಾದದ ನೀರಿನ ಒಂದು ಹನಿ ನೆಲಕ್ಕೆ ಬಿದ್ದರೂ ಮರುಗುತ್ತಿದ್ದ ನಿಂಬೆವ್ವ, ಬುಟ್ಟಿಯನ್ನೆತ್ತಿ ದೂರ ಒಯ್ದು ಚೆಲ್ಲಿ ಬಂದಳು.