ಸತ್ತವನ ನಾಡಿ ಎಪ್ಪತ್ತೆರಡು

“ಗುರುಗಳೇ, ನಿಜ ಹೇಳಿದ್ರೂ ಸತ್ತೋರು ಬರಲ್ಲ, ಮುಚ್ಚಿಟ್ರೂ ಬರಲ್ಲ. ಹಂಗಿದ್ಮೇಲೆ ಹೇಳಿ ಯಾರಿಗೇನು ಸಿಗುತ್ತೆ?”

ದಾಕ್ಷಾಯಣಿ ಕೇಳಿದ್ಲು. ಕೇಳಿ, “ನಮ್ಮ ಆಸ್ಪತ್ರೆ ನರ್ಸ್ ಒಬ್ಬಳ ವಿಷಯ” ಅಂತ ಸೇರಿಸಿದ್ಲು.

ಆ ನರ್ಸು ಅವಳೇ. ಮಂಗಳವಾರ ಬೆಳಿಗ್ಗೆ ಡ್ಯೂಟಿಗೆ ಬಂದೋಳು, ಅಲ್ಲಿ ಎಲ್ಲರೂ ಮಾಡೋ ಹಂಗೆ, ಹೆರಿಗೆ ವಾರ್ಡಿನ ಹಾಳೆಗಳಲ್ಲಿ ಇಡೀ ಪಾಳಿಯ ನಾಡಿ ಲೆಕ್ಕಾನ ಒಂದೇ ಸಲಕ್ಕೆ ತುಂಬಿಬಿಟ್ಟಿದ್ಲು. ಎಂಟಕ್ಕೆ ಎಪ್ಪತ್ತೆರಡು, ಹತ್ತಕ್ಕೆ ಎಪ್ಪತ್ತೆರಡು, ಹನ್ನೆರಡಕ್ಕೂ ಅದೇ. ಹನ್ನೊಂದೂವರೆಗೆ ಆಯಾ ಹೋಗಿ ಮುಟ್ಟಿದಾಗ ಆರನೇ ಮಂಚದ ಬಾಣಂತಿ ತಣ್ಣಗಾಗಿದ್ಲು. ಹೊದಿಕೆ ಒಳಗೇ ರಕ್ತ ಹೋಗಿತ್ತು. ಅವಳ ತಾಯಿ ಇನ್ನೂ ಗೇಟಿನ ಹತ್ರ ಕೂತು, “ನನ್ನ ಮಗಳು ಎಷ್ಟೊತ್ತಿಗೆ ಹೋದ್ಲು, ಯಾರಾದ್ರೂ ನೋಡಿದ್ರಾ?” ಅಂತ ಬಂದೋರನ್ನೆಲ್ಲ ಕೇಳ್ತಿದ್ಲು. ನಾಳೆ ವಿಚಾರಣೆ. ಹಳೇ ಹಾಳೆ ಹರಿದು ಹೊಸದು ಬರೆಯೋಕೆ ಇವತ್ತೊಂದು ದಿನ ಇತ್ತು. ಖಾಲಿ ಹಾಳೆ ದಾಕ್ಷಾಯಣಿ ಬ್ಯಾಗಲ್ಲೇ ಇತ್ತು.

ಚಿಕ್ಕೀರಯ್ಯ ಪಂಡಿತರು ಯಾವ ನರ್ಸು ಅಂತ ಕೇಳ್ಲಿಲ್ಲ. ಜಗಲಿ ಮೇಲೆ ಕೂತು ಎಡಗೈಲಿ ಬೇರು ಕುಟ್ತಾ ಇದ್ರು. ಬಲಗೈಲಿ ಹೆಬ್ಬೆರಳು, ಕಿರುಬೆರಳು ಬಿಟ್ರೆ ಮಿಕ್ಕ ಮೂರು ಬೆರಳಿಲ್ಲ. ಹೆಂಗೆ ಹೋಯ್ತು ಅಂತ ಕೇಳಿದ್ರೆ ಒಬ್ಬರಿಗೆ ಮೊಸಳೆ ಅಂತಿದ್ರು, ಇನ್ನೊಬ್ಬರಿಗೆ ಕಬ್ಬಿನ ಗಾಣ. ದಾಕ್ಷಾಯಣಿ ನರ್ಸ್ ಕೆಲಸ ಕಲಿಯೋಕೆ ಮೊದಲೇ ಅವಳಿಗೆ ನಾಡಿ ಹಿಡಿಯೋದು ಕಲಿಸಿದ್ದು ಆ ಎಡಗೈಯೇ.

“ಒಂದು ಕತೆ ಹೇಳ್ತೀನಿ” ಅಂದ್ರು. “ಈ ಸಲ ಒಂದಕ್ಷರ ಸುಳ್ಳಿಲ್ಲ ಕಣವ್ವ. ಸುಳ್ಳಾಡಿದ್ರೆ ಈ ಕುಟ್ಟಾಣಿ ನನ್ನ ಕಾಲ್ಮೇಲೆ ಬೀಳ್ಲಿ.” ಹಂಗಂದು ಕಾಲನ್ನ ಸ್ವಲ್ಪ ಆಚೆ ಸರಿಸಿಕೊಂಡ್ರು.

“ಒಬ್ಬ ವೈದ್ಯ ಇದ್ದ. ಇಪ್ಪತ್ತು ಮಂಚದ ಧರ್ಮಾಸ್ಪತ್ರೆ. ಬೆಳಿಗ್ಗೆ ಉಪ್ಪಿಟ್ಟು ತಿಂತಾ ತಿಂತಾನೇ ಇಪ್ಪತ್ತು ಜನದ ನಾಡಿನೂ ಸಂಜೆ ಆರರ ತನಕ ಬರೆದಿಡ್ತಿದ್ದ. ಎಲ್ಲರಿಗೂ ಎಪ್ಪತ್ತೆರಡು. ಒಂದಿನ ಒಬ್ಬ ಕುಂಬಾರನ ಹೆಂಡತಿ ಬಂದು, ‘ಸ್ವಾಮಿ, ನಮ್ಮೋರ ಕೈ ತಣ್ಣಗಾಗ್ತಿದೆ’ ಅಂದ್ಲು. ವೈದ್ಯ ಹಾಳೆ ತೆಗೆದು, ‘ನೋಡಮ್ಮ, ಹತ್ತಕ್ಕೆ ಎಪ್ಪತ್ತೆರಡು. ಹನ್ನೆರಡಕ್ಕೂ ಚೆನ್ನಾಗೇ ಇರ್ತಾನೆ, ಹೋಗು’ ಅಂದ.”

“ಹನ್ನೆರಡು ಇನ್ನೂ ಆಗೇ ಇರ್ಲಿಲ್ವಲ್ಲ!”

“ಅವನಿಗೆ ಆಗಿತ್ತು. ಮೂರು ಸಲ ಬಂದ್ಲು. ಮೂರು ಸಲನೂ ಹಾಳೆ ನೋಡಿದ, ಮಂಚದ ಹತ್ರ ಹೋಗ್ಲಿಲ್ಲ. ಹನ್ನೊಂದಕ್ಕೆ ಕುಂಬಾರ ಸತ್ತ. ಆಗ ಹೋದ. ಮೂಗಿಗೆ ಕನ್ನಡಿ ಹಿಡಿದ, ಉಸಿರಿನ ಮಬ್ಬು ಕೂರ್ಲಿಲ್ಲ. ತೆರೆದ ಕಣ್ಣ ಮೇಲೆ ನೊಣ ಕೂತಿತ್ತು, ರೆಪ್ಪೆ ಆಡ್ಲಿಲ್ಲ. ಕೊನೆಗೆ ಒಂದು ಶಾಸ್ತ್ರಕ್ಕೆ ಅಂತ ಮಣಿಕಟ್ಟು ಹಿಡಿದ. ನಾಡಿ ಹೊಡ್ಕೊಳ್ತಿದೆ! ಎಣಿಸಿದ. ಎಪ್ಪತ್ತೆರಡು.”

ಕುಟ್ಟೋ ಸದ್ದು ನಿಂತಿತ್ತು.

“ಚಟ್ಟ ತಂದೋರು ಕೈ ಮುಟ್ಟಿ ನೋಡಿ ಚಟ್ಟ ಬಿಟ್ಟು ಓಡಿದ್ರು. ನಾಡಿ ಇರೋನನ್ನ ಹೂಳೋದು ಹೆಂಗೆ? ಎರಡಕ್ಕೆ ಎಪ್ಪತ್ತೆರಡು. ನಾಲ್ಕಕ್ಕೆ ಎಪ್ಪತ್ತೆರಡು. ಮೈ ಮಾತ್ರ ಸೆಟೆದು ಮರ ಆಗಿತ್ತು. ಆರಕ್ಕೆ ಹಾಳೆ ಮುಗಿಯುತ್ತೆ, ನಾಡಿನೂ ನಿಲ್ಲುತ್ತೆ ಅಂತ ವೈದ್ಯ ಗಡಿಯಾರ ನೋಡ್ತಾ ನಿಂತ. ಆರಾಯ್ತು. ನಿಲ್ಲಲಿಲ್ಲ. ಇಷ್ಟು ಹೆದರಿದೀನಿ, ನನ್ನೆದೆ ಯಾಕೆ ಡವಡವ ಅಂತಿಲ್ಲ ಅಂತ ಅವನಿಗೆ ಆಗ ಅನಿಸ್ತು. ಎದೆ ಮೇಲೆ ಕೈಯಿಟ್ಕೊಂಡ. ಸದ್ದಿಲ್ಲ. ತನ್ನ ಮಣಿಕಟ್ಟು ಹಿಡ್ಕೊಂಡ. ಅಲ್ಲಿ ಏನೂ ಇಲ್ಲ.”

ದಾಕ್ಷಾಯಣಿ ಬೆರಳು ತನ್ನದೇ ಮಣಿಕಟ್ಟಿನ ಮೇಲಿತ್ತು. ಯಾವಾಗ ಹೋಯ್ತೋ ಅವಳಿಗೇ ಗೊತ್ತಿಲ್ಲ. ಪಂಡಿತರು ನೋಡ್ತಿದಾರೆ ಅಂತ ತಟ್ಟನೆ ತೆಗೆದ್ಲು.

“ಕುಂಬಾರನ ಹೆಂಡತಿ ಅಳ್ಲಿಲ್ಲ, ಬೈಲಿಲ್ಲ. ಹಾಳೆ ಮುಂದಿಟ್ಟು, ‘ಸ್ವಾಮಿ, ಇವರು ಎಷ್ಟೊತ್ತಿಗೆ ಹೋದ್ರು, ನೀವು ನೋಡಿದ್ರೋ ಇಲ್ವೋ, ಅಷ್ಟು ಬರ್ದುಕೊಡಿ. ಕರ್ಕೊಂಡು ಹೋಗ್ತೀನಿ’ ಅಂದ್ಲು. ವೈದ್ಯ ಲೇಖನಿ ತಗೊಂಡ. ಬರೆದ: ರಾತ್ರಿ ಎಂಟು ಗಂಟೆ, ಎಪ್ಪತ್ತೆರಡು.”

“ಅಯ್ಯೋ! ಆಮೇಲೆ?”

“ಆಮೇಲೇನು, ಇವತ್ತಿಗೂ ಬರೀತಾನೇ ಇದಾನೆ. ಕುಂಬಾರನಿಗೆ ಸಾಯೋಕಾಗಿಲ್ಲ, ಇವನಿಗೆ ಬದುಕೋಕಾಗಿಲ್ಲ. ಆ ಹೆಂಗಸು ಇನ್ನೂ ಬಾಗಿಲಲ್ಲೇ ಕೂತಿದಾಳೆ. ಹೋದ ವರ್ಷ ನಾನೇ ಹೋಗಿದ್ದೆ ಕಣವ್ವ. ವೈದ್ಯನ ಕೈ ಹಿಡಿದು, ಈ ಬಲಗೈಯ ಮೂರು ಬೆರಳನ್ನೂ ಒತ್ತಿ ಒತ್ತಿ ಇಟ್ಟು ನೋಡ್ದೆ. ಕಲ್ಲು ಮುಟ್ಟಿದ ಹಂಗಿತ್ತು.”

ದಾಕ್ಷಾಯಣಿ ಒಂದು ಗಳಿಗೆ ಆ ಕೈನೇ ನೋಡಿದ್ಲು. ಆಮೇಲೆ ಎದೆ ಮೇಲಿನ ಭಾರ ಇಳಿದ ಹಂಗೆ ಜೋರಾಗಿ ನಕ್ಕುಬಿಟ್ಲು.

“ಸಿಕ್ಕಿಬಿದ್ರಿ ಗುರುಗಳೇ! ನಿಮ್ಮ ಬಲಗೈಲಿ ಆ ಮೂರು ಬೆರಳೇ ಇಲ್ವಲ್ಲ! ಎಲ್ಲಾ ಶುದ್ಧ ಸುಳ್ಳು!”

ಪಂಡಿತರು ಬಲಗೈಯನ್ನ ಇವತ್ತೇ ಮೊದಲು ನೋಡ್ತಿರೋರ ಹಂಗೆ ತಿರುಗಿಸಿ ನೋಡ್ಕೊಂಡ್ರು.

“ಹೌದು ಕಣವ್ವ, ನಾನು ಇಲ್ಲದ ಬೆರಳಲ್ಲಿ ನಾಡಿ ನೋಡ್ದೆ ಅಂದೆ, ಬೆರಳಿದ್ದೋಳು ನೀನು, ನೋಡಿದ್ಯಾ?”