ಗಾಳಿಗೆ ಗೀಜಗ ಕೊಟ್ಟ ಉತ್ತರ

ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಗೀಜಗಗಳ ಕೇರಿಯೊಂದಿತ್ತು. ಹೊಂದಲೆ ಎಂಬ ಗೀಜಗ ಅದರ ಯಜಮಾನ. ಮಳೆಗಾಳಿ ಪಡುವಣದಿಂದ ಬೀಸುತ್ತಿದ್ದುದರಿಂದ ಹಿರಿಯರ ಕಾಲದಿಂದಲೂ ಅಲ್ಲಿ ಗೂಡುಗಳೆಲ್ಲ ಮರದ ಮೂಡಣ ಬದಿಗೇ ತೂಗುತ್ತಿದ್ದವು. ಆ ವರ್ಷ ಗಾಳಿ ಮೂಡಣದಿಂದಲೇ ನುಗ್ಗಿತು. ಅರ್ಧ ನೇಯ್ದ ಗೂಡುಗಳು ಕಿತ್ತುಬಂದು ಬಾವಿಗೆ ಬಿದ್ದವು.

"ಯಜಮಾನ, ಹಿರಿಯರು ತೋರಿದ ಬದಿಯನ್ನು ಬಿಡುವುದು ಹೇಗೆ?" ಎಂದಿತು ಒಂದು ಮುದಿ ಗೀಜಗ. "ಮರವನ್ನೇ ಬಿಟ್ಟು ಹೋಗೋಣ" ಎಂದವು ಎಳೆಯವು.

ಮೊಟ್ಟೆ ಇಡುವ ಕಾಲ ಹತ್ತಿರವಾಗಿತ್ತು. ಹೊಂದಲೆ ಗಟ್ಟಿಯಾಗಿ ಹೇಳಿತು: "ಗಾಳಿ ತಾಗದೆಂದೇ ಹಿರಿಯರು ಮೂಡಣವನ್ನು ಆರಿಸಿದರು. ಅವರ ಬುದ್ಧಿ ನಮಗಿದ್ದರೆ ಈಗ ಪಡುವಣಕ್ಕೆ ಹೋಗೋಣ. ಮರವನ್ನು ಮಾತ್ರ ಬಿಡುವುದಿಲ್ಲ."

ಹಾಗೆಂದು ತಾನೇ ಮೊದಲ ನಾರನ್ನು ಪಡುವಣದ ಗರಿಗೆ ಬಿಗಿಯಿತು. ಉಳಿದವೂ ಹುಲ್ಲು ತಂದು ನೇಯ್ದವು, ಗೂಡು ಹಗುರಾಗಿ ಹಾರದಂತೆ ಒಳಗೆ ಹಸಿಮಣ್ಣು ಮೆತ್ತಿದವು.

ಗಾಳಿ ಮತ್ತೆ ಬಂತು. ಮರ ಬಗ್ಗಿತು, ಗೂಡುಗಳು ಓಲಾಡಿದವು, ಒಂದೂ ಕಳಚಲಿಲ್ಲ.

"ನನಗೆ ಹೆದರಿ ತಾನೇ ಜಾಗ ಬದಲಿಸಿದಿರಿ? ಇನ್ನು ಈ ಕೇರಿಗೆ ನಾನೇ ಯಜಮಾನ" ಎಂದಿತು ಗಾಳಿ.

ಹೊಂದಲೆ ಗೂಡಿನಿಂದ ತಲೆ ಹೊರಹಾಕಿತು. "ಎಲ್ಲಿ ಕಟ್ಟಬಾರದು ಎಂದಷ್ಟೇ ನೀನು ಹೇಳಿದೆ, ಗಾಳಿರಾಯ. ಕಟ್ಟಿದವರು ನಾವು. ನಾಳೆ ತೆಂಕಣದಿಂದ ಬೇಕಾದರೂ ಬಾ, ಬಡಗಣದಿಂದ ಬೇಕಾದರೂ ಬಾ. ಮರಕ್ಕೆ ಇನ್ನೂ ಬದಿಗಳಿವೆ."