ಹುಣಸೆ ಮರದ ಕೆಳಗೆ ನಿಂತ ಗಾಡಿ

ಯಮನೂರ ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರ ಹುಣ್ಣಿಮೆಯ ಮರುದಿನ. ಸಾಲಿಯಲ್ಲಿ ಮಾಸ್ತರು ಬಡಿಗೆ ಎತ್ತಿದರು. ಇವನು ಪಾಟಿಚೀಲವನ್ನು ಜಾಲಿಗಿಡಕ್ಕೆ ತೂಗುಹಾಕಿ ಹೊರಟುಬಿಟ್ಟ.

ಆಮೇಲೆ ಅದೇ ರೂಢಿಯಾಯಿತು. ಇಟ್ಟಿಗೆ ಭಟ್ಟಿಯಲ್ಲಿ ಮಾಲಕ ಕೈ ಎತ್ತಿದ, ಹೊರಟ. ಲಾರಿಯಲ್ಲಿ ಡ್ರೈವರ್ ದನಿ ಎತ್ತಿದ, ಇಳಿದ. ಎಲ್ಲಿ ಜಗಳದ ಗಾಳಿ ಬೀಸಿತೋ ಅಲ್ಲಿಂದ ಅವನ ಕಾಲುಗಳು ತಾವಾಗಿಯೇ ಎದ್ದು ನಡೆಯುತ್ತಿದ್ದವು.

ಹೀಗೆ ನಡೆಯುತ್ತ ನಡೆಯುತ್ತ ಮೀಸೆ ಬಂತು. ಮೀಸೆಯಲ್ಲಿ ಒಂದೆರಡು ಬಿಳಿ ಕೂದಲೂ ಬಂದವು. ಆಗ ಒಂದು ಮುಂಜಾನೆ ಅವನು ಹೊಳೆಯ ದಂಡೆಗೆ ಬಂದು ನಿಂತ.

ದಂಡೆಯ ಮೇಲೊಂದು ಆಶ್ರಮ. ಅಂಗಳದಲ್ಲಿ ಒಂದು ಆಂಬುಲೆನ್ಸ್. ಮಂಜಿನಲ್ಲಿ ಅದು ರೆಕ್ಕೆ ಮಡಚಿದ ಕೊಕ್ಕರೆಯ ಹಾಗೆ ಕಂಡಿತು. ಆಸ್ಪತ್ರೆ ದೂರವಿದ್ದ ಆ ಸೀಮೆಗೆಲ್ಲ ಅದೊಂದೇ ಗಾಡಿ. ಓಡಿಸುವವರು ಆಶ್ರಮದ ಹಿರಿಯರು. ಊರವರು ಅವರನ್ನು ಅಜ್ಜಾರು ಅನ್ನುತ್ತಿದ್ದರು.

ಅಜ್ಜಾರು ಗಾಡಿಯ ಗಾಜು ಒರೆಸುತ್ತಿದ್ದರು. ಯಮನೂರ ಹೋಗಿ ಕಾಲಿಗೆ ಬಿದ್ದ.

“ನನ್ನ ಶಿಷ್ಯ ಮಾಡ್ಕೋರಿ ಅಜ್ಜಾರ.”

“ಏನು ಕಲೀಬೇಕಂತೀ?”

“ಅಂಜದಂಗ ಇರೂದು.”

“ಅದು ನನಗೂ ಬರೂದಿಲ್ಲ. ಹೆಸರೇನು?”

“ಯಮನೂರ.”

ಅಜ್ಜಾರು ಬಟ್ಟೆ ಹಿಂಡುತ್ತ ನಕ್ಕರು. “ಆಂಬುಲೆನ್ಸಿಗೆ ಹೇಳಿ ಮಾಡಿಸಿದ ಹೆಸರು. ರೋಗಿ ಎಚ್ಚರ ಇದ್ದಾಗ ಮಾತ್ರ ಹೇಳಬ್ಯಾಡ. ಬಾ, ಸ್ಟ್ರೆಚರಿನ ಆ ತುದಿ ಹಿಡಿ.”

ಅಂದಿನಿಂದ ಒಂದು ತುದಿ ಅಜ್ಜಾರದು, ಇನ್ನೊಂದು ಯಮನೂರನದು.

ಕರೆ ಬಂದ ಮನೆಗೆ ಹೋದರೆ ಅಜ್ಜಾರು ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ಯಾರಿದ್ದಾರೆ, ಯಾರು ಕುಡಿದಿದ್ದಾರೆ, ಹಿತ್ತಲ ಬಾಗಿಲು ಯಾವ ಕಡೆ, ಎಲ್ಲ ಒಂದೇ ಉಸಿರಿನಲ್ಲಿ ನೋಡಿಕೊಳ್ಳುತ್ತಿದ್ದರು. ಆಮೇಲೆ ಕೇಳುತ್ತಿದ್ದರು: “ಒಳಗ ಬರಬಹುದೇನ್ರೀ?”

“ಒಳಗ ಮನಷ್ಯಾ ನರಳಾಕತ್ತಾನ. ನೀವು ಅಪ್ಪಣೆ ಕೇಳ್ಕೋಂತ ನಿಂದರತೀರಲ್ರೀ,” ಅಂದ ಯಮನೂರ.

“ಗಾಡಿ ನಮ್ಮದು. ಮನಿ ಅವರದು.”

ಒಂದು ಸಲ ಒಬ್ಬ ಮುದುಕಿಗೆ ಎದೆನೋವು. ಗಾಡಿ ನಿಲ್ಲುವ ಮೊದಲೇ ಅವಳ ಮಗ ಹೊರಗೆ ಹಾರಿಬಂದ. ಕಣ್ಣು ಕೆಂಪಗೆ, ಮುಷ್ಟಿ ಮೇಲೆ.

“ಎಷ್ಟೊತ್ತಿಗೆ ಬರೂದ್ರಲೇ? ನಮ್ಮವ್ವಗ ಏನರ ಆದ್ರ ಇಬ್ಬರನ್ನೂ ಇಲ್ಲೇ ಹುಗೀತೀನಿ!”

ಯಮನೂರನ ಕಾಲುಗಳು ಆಗಲೇ ಹೊರಡಲು ಎದ್ದಿದ್ದವು. ಅಜ್ಜಾರು ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಅಂಗೈ ಕಾಣುವ ಹಾಗೆ ಹಿಡಿದು, ಮೆಲ್ಲಗೆ ಕೇಳಿದರು.

“ತಮ್ಮಾ, ನಿಮ್ಮವ್ವನ ಚಪ್ಪಲಿ ಎಲ್ಲಿ?”

“ಏನು?”

“ದವಾಖಾನಿಯಿಂದ ಬರುವಾಗ ನಡಕೋಂತ ಬರ್ತಾಳ. ಬರಿಗಾಲಲೆ ಬರಬೇಕೇನು? ಹುಡುಕಿ ತಾ.”

ಮುಷ್ಟಿ ಗಾಳಿಯಲ್ಲೇ ಬಿಚ್ಚಿಕೊಂಡಿತು. ಅವನು ಒಳಗೋಡಿದ. ಮಂಚದ ಕೆಳಗೆ, ಒಲೆಯ ಹಿಂದೆ, ಕಾಳಿನ ಚೀಲದ ಸಂದಿಯಲ್ಲಿ ತಡಕಾಡಿದ. ಆಸ್ಪತ್ರೆಯ ದಾರಿಯುದ್ದಕ್ಕೂ ಆ ಸವೆದ ಚಪ್ಪಲಿಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದ, ಮಗುವಿನ ಹಾಗೆ.

ಆ ರಾತ್ರಿ ಯಮನೂರ ಸುಖವಾಗಿ ಮಲಗಿದ. ಅಂಜದೆ ಇರುವ ಮಂತ್ರ ಸಿಕ್ಕಿತು ಅಂದುಕೊಂಡ.

ಬೇಸಿಗೆ ಬಂತು. ಹೊಳೆ ತನ್ನ ಕಲ್ಲುಗಳನ್ನು ಒಂದೊಂದಾಗಿ ಹೊರಗಿಟ್ಟಿತು.

ಒಂದು ಮಧ್ಯಾಹ್ನ ಕರೆ ಬಂತು. ಹೊಲದ ನೀರಿನ ಪಾಳಿಗಾಗಿ ಅಣ್ಣ ತಮ್ಮನಿಗೆ ಕೊಡಲಿಯಲ್ಲಿ ಹೊಡೆದಿದ್ದ. ತಮ್ಮ ಬಾಳಪ್ಪ ಅಂಗಳದಲ್ಲಿ ಬಿದ್ದಿದ್ದಾನೆ, ಬೇಗ ಬನ್ನಿ.

ಬಿಸಿಲಿಗೆ ಊರು ನೀರಿನ ತಳದಲ್ಲಿದ್ದ ಹಾಗೆ ಅಲುಗುತ್ತಿತ್ತು. ಜನ ಮಾಳಿಗೆಗಳ ಮೇಲೆ ನಿಂತಿದ್ದರು. ಅಂಗಳದಲ್ಲಿ ಒಬ್ಬ ಬಿದ್ದಿದ್ದ. ಇನ್ನೊಬ್ಬ ಕೊಡಲಿ ಹಿಡಿದು ಅವನ ಸುತ್ತ ಸುಮ್ಮನೆ ತಿರುಗುತ್ತಿದ್ದ, ಏನನ್ನೋ ಕಳೆದುಕೊಂಡವನ ಹಾಗೆ.

ಅಜ್ಜಾರು ದೂರದಲ್ಲೇ, ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸಿದರು. ಪೊಲೀಸರಿಗೆ ಫೋನ್ ಮಾಡಿದರು. ಗಾಡಿಯ ಮುಖವನ್ನು ದಾರಿಯ ಕಡೆ ತಿರುಗಿಸಿದರು. ಇಳಿಯಲಿಲ್ಲ.

“ಅಜ್ಜಾರ, ಯಾಕ ನಿಂತ್ರಿ?”

“ಅಂವನ ಕೈಯಾಗ ಇನ್ನೂ ಕೊಡಲಿ ಐತಿ.”

“ಏನರ ಕೆಲಸ ಹೇಳ್ರಿ ಅವಗ. ಚಪ್ಪಲಿ ತಾ ಅನ್ರಿ.”

“ಆವತ್ತಿನ ಕೈ ಖಾಲಿ ಇತ್ತು. ಈ ಕೈ ತುಂಬೈತಿ.”

ಅಂಗಳದಿಂದ ಬಿದ್ದವನ ಕೂಗು ಬಂತು. “ಯಾರರ ಬರ್ರೋ...”

ಯಮನೂರ ಅಜ್ಜಾರ ಮುಖ ನೋಡಿದ. “ನಿಮಗೂ ಅಂಜಿಕೇನ್ರೀ?”

“ಹೂಂ. ಅಂಜಿಕಿ ದಿನಾ ನಮ್ಮ ಜೋಡಿ ಬರ್ತೈತಿ. ಅದಕ್ಕೂ ಒಂದು ಸೀಟು ಕೊಟ್ಟೀನಿ. ಸ್ಟೇರಿಂಗ್ ಅಷ್ಟ ಕೊಟ್ಟಿಲ್ಲ.”

ಬಾಳಪ್ಪನ ಹೆಂಡತಿ ನೀಲವ್ವ ಓಡಿಬಂದು ಗಾಜು ಬಡಿದಳು. “ಬರ್ರಿ ಯಪ್ಪಾ! ಗಾಡಿ ತಂದು ನೋಡ್ಕೋಂತ ಕುಂತೀರಲ್ಲ, ಜಾತ್ರಿ ನಡದೈತೇನು ಇಲ್ಲಿ?”

“ಯವ್ವಾ, ಕೊಡಲಿ ಕೆಳಗ ಬೀಳ್ಲಿ. ಬಿದ್ದ ಕೂಡ್ಲೇ ಬರ್ತೇವಿ.”

ಅವಳು ಮಣ್ಣು ಬಾಚಿ ಗಾಜಿಗೆ ಎರಚಿದಳು.

ಯಮನೂರನಿಗೆ ತಡೆಯಲಾಗಲಿಲ್ಲ. “ಹುಟ್ಟಿದಾಗಿಂದ ಓಡೇ ಓಡೀನಿ ಅಜ್ಜಾರ. ಇವತ್ತು ಓಡೂದಿಲ್ಲ. ನಾ ಹೋಗಾಂವ.” ಅವನು ಕೆಳಗೆ ಹಾರಿದ.

ಅಜ್ಜಾರು ತಡೆಯಲಿಲ್ಲ. ತಾವೂ ಇಳಿದು ಹಿಂದಿನ ಬಾಗಿಲು ತೆಗೆದು, ಸ್ಟ್ರೆಚರ್ ಎಳೆದು, ಅದರ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು.

“ಹೋಗು.”

ಯಮನೂರ ನಡೆದ. ಇನ್ನೊಂದು ತುದಿ ಮಣ್ಣಿನಲ್ಲಿ ಗೆರೆ ಕೊರೆಯುತ್ತ ಹಿಂದೆ ಬಂತು. ಸ್ವಲ್ಪ ದೂರ ಹೋಗಿ ನಿಂತ.

“ಎಳಕೊಂಡು ಬರ್ತೀಯೇನು ಅವನ್ನ?” ಅಂದರು ಅಜ್ಜಾರು. “ನೀನೂ ಬಿದ್ರ ನಿನ್ನನ್ನ ಯಾರು ಎಳೀಬೇಕು?”

ಯಮನೂರ ಅಲ್ಲೇ ನಿಂತ, ಬಿಸಿಲಲ್ಲಿ, ಆ ತುದಿ ಹಿಡಿದುಕೊಂಡೇ. ಹುಣಸೆಯ ಎಲೆ ಉದುರುವ ಸಪ್ಪಳವೂ ಕೇಳುವಷ್ಟು ಮೌನ. ನಡುನಡುವೆ ಆ ಕೂಗು. ಪ್ರತಿ ಸಲ ಇನ್ನಷ್ಟು ತೆಳುವಾಗಿ, ಹೊಳೆಯ ಆಚೆ ದಂಡೆಯಿಂದ ಯಾರೋ ದೋಣಿ ಕರೆದ ಹಾಗೆ.

ಕಡೆಗೆ ಅಣ್ಣ ದಣಿದ. ರುಬ್ಬುವ ಕಲ್ಲಿನ ಮೇಲೆ ಕೂತ. ದಿನದ ಕೆಲಸ ಮುಗಿಸಿದವನ ಹಾಗೆ ಕೊಡಲಿಯನ್ನು ಕಾಲ ಬಳಿ ಇಟ್ಟು ಮುಖ ಮುಚ್ಚಿಕೊಂಡ. ಹಿಂದಿನಿಂದ ಬಂದ ಊರವರಿಬ್ಬರು ಅದನ್ನು ಒದ್ದು ದೂರ ತಳ್ಳಿ ಅವನನ್ನು ಹಿಡಿದುಕೊಂಡರು.

“ಈಗ!” ಅಂದರು ಅಜ್ಜಾರು.

ಅವರು ಓಡಿದ ಓಟವನ್ನು ಯಮನೂರನಿಗೆ ಸರಿಗಟ್ಟಲಾಗಲಿಲ್ಲ. ಬಾಳಪ್ಪನಲ್ಲಿ ಇನ್ನೂ ಉಸಿರಿತ್ತು. ಗಾಯಕ್ಕೆ ಬಟ್ಟೆ ಒತ್ತಿ ಕಟ್ಟಿ, ಎತ್ತಿ, ಮಲಗಿಸಿ, ಹೊರಟರು. ಯಮನೂರ ಗಾಯವನ್ನು ಎರಡೂ ಕೈಯಿಂದ ಒತ್ತಿಹಿಡಿದಿದ್ದ. ನೀಲವ್ವ ಗಂಡನ ಕಾಲು ಹಿಡಿದು ಕೂತಿದ್ದಳು.

ಸೇತುವೆಯ ಮೇಲೆ ಬಾಳಪ್ಪನ ಉಸಿರು ನಿಂತಿತು.

ಸಂಜೆ ಅಜ್ಜಾರು ಸ್ಟ್ರೆಚರನ್ನು ಹೊಳೆಯಲ್ಲಿ ತೊಳೆಯುತ್ತಿದ್ದರು. ಕೆಂಪು ನೀರು ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಮುಳುಗುವ ಸೂರ್ಯನ ಬಣ್ಣದೊಳಗೆ ಸೇರಿಹೋಯಿತು. ಯಮನೂರ ಮೆಟ್ಟಿಲ ಮೇಲೆ ಕೂತಿದ್ದ.

“ಅಜ್ಜಾರ, ಮೊದಲ ಹೋಗಿದ್ರ ಅಂವ ಉಳೀತಿದ್ನೇನು?”

“ಉಳೀತಿದ್ದನೋ ಏನೋ.”

ಇಲ್ಲ ಅನ್ನುತ್ತಾರೆ ಎಂದು ಅವನು ಕಾದಿದ್ದ.

“ಹಂಗಾದ್ರ ನಾವು ಮಾಡಿದ್ದು ತಪ್ಪು.”

“ನಾವೂ ಅವನ ಬಾಜೂಕ ಬಿದ್ದಿದ್ರ, ನಾಳೆ ಕರೆಯೋರಿಗೆ ಯಾರು ಹೋಗತಿದ್ರು?”

“ಅದು ಲೆಕ್ಕ ಆತು. ಉತ್ತರ ಆಗಲಿಲ್ಲ.”

“ಹೌದು,” ಅಂದರು ಅಜ್ಜಾರು.

ಯಮನೂರ ಎದ್ದು ಒಳಗೆ ಹೋದ. ಕಂಬಳಿ ಹಾಸಿ ಅದರ ಮೇಲೆ ಒಂದು ಅಂಗಿ, ಒಂದು ಧೋತರ, ಒಂದು ತಾಟು ಇಟ್ಟ. ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟತೊಡಗಿದ. ಅದು ಬಿಚ್ಚಿಕೊಂಡಿತು. ಮತ್ತೆ ಕಟ್ಟಿದ. ಅಜ್ಜಾರು ಬಾಗಿಲಿಗೆ ಬಂದು ನಿಂತರು, ಮುಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಹೋಗಬ್ಯಾಡ ಅನ್ನೂದಿಲ್ಲೇನ್ರೀ?”

“ಇಲ್ಲ.”

“ನೀವರ ಯಾವ ಬಾಯಿಲೆ ಅಂತೀರಿ? ನಾನು ಓಡಾಂವ, ನೀವು ಮರದ ಕೆಳಗ ನಿಂತೋರು. ಇಬ್ಬರೂ ಅಂಜಿದೋರ. ಏನು ಫರಕು ಐತಿ ನಮ್ಮೊಳಗ?”

ಅಜ್ಜಾರು ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡರು.

“ಓಡಿ ಹೋದವಗ ಹಿಂದಿನ ಕೂಗು ಕೇಳೂದಿಲ್ಲ, ತಮ್ಮಾ. ನನಗ ಇನ್ನೂ ಕೇಳಾಕತ್ತೈತಿ. ದಾರ್ಯಾಗ ನಿನಗೂ ಕೇಳಿದ್ರ ಅಲ್ಲೇ ಕುಂತಿರು. ಕರಕೊಂಡು ಬರಾಕ ಗಾಡಿ ತರ್ತೀನಿ.”